ಗಂಟಿನ ಕಂಬ

ಚೌಡಣ್ಣನಿಗೆ ಕಾಡೆಂದರೆ ಅಂಗೈಯ ನೆಲ್ಲಿಕಾಯಿ. ಹಾಗೆಂದು ಹೇಳುತ್ತಿದ್ದವನೂ ಚೌಡಣ್ಣನೇ. ಕೂಡ್ಲಿಗಿ ಸಂತೆಯ ಚಹಾದಂಗಡಿಯಲ್ಲಿ, ಕೊಟ್ಟೂರಿನ ಬಸ್ಸಿನಲ್ಲಿ, ಕಡೆಗೆ ಕಂಡವರ ಮನೆಯ ತಿಥಿಯೂಟದ ಪಂಕ್ತಿಯಲ್ಲಿ ಕೂಡ ಈ ಮಾತು ಆಡದೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ಪೂರ್ತಿ ಸುಳ್ಳೇನೂ ಅಲ್ಲ. ನಡೆಯಲು ಕಲಿತಾಗಿನಿಂದ ಕುರಿ ಕಾಯ್ದವನು. ಯಾವ ಸೊಪ್ಪನ್ನು ಕುರಿ ಮೇಯುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ, ಯಾವುದನ್ನು ತಿಂದು ಹೊಟ್ಟೆ ಉಬ್ಬಿಸಿಕೊಂಡು ಮಲಗುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಆದರೆ ಆ ಜ್ಞಾನ ಕುರಿಯ ಬಾಯಿ ಎಟುಕುವ ಎತ್ತರಕ್ಕೆ ಬಂದು ನಿಂತುಬಿಟ್ಟಿತ್ತು. ಅದರಿಂದ ಮೇಲಿನದೆಲ್ಲ ಅವನ ಲೆಕ್ಕದಲ್ಲಿ ಆಕಾಶ.

ಚೌಡಣ್ಣನಿಗೂ ಅವನ ಹೆಂಡತಿ ಪಾಲಮ್ಮನಿಗೂ ಮಕ್ಕಳಿರಲಿಲ್ಲ. ಇದ್ದವಳು ಒಬ್ಬಳೇ ತಂಗಿ ಸುಂಕಮ್ಮ, ಅದೇ ಊರಿನ ಕನಕರಾಜನ ಹೆಂಡತಿ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಮೇಘಾ, ಚಿಕ್ಕವಳು ಭೂಮಿಕಾ. ಆ ಮನೆತನದಲ್ಲಿ ಮದುವೆಯ ಹಂದರಕ್ಕೆ ಮೊದಲ ಕಂಬ ತರುವ ಹಕ್ಕು ಸೋದರಮಾವನದು. ಅದಕ್ಕೆ ಹಾಲಗಂಬ ಎನ್ನುತ್ತಾರೆ. ಕಡಿದಾಗ ಹಾಲು ಸುರಿಯುವ ಮರದ್ದೇ ಆಗಬೇಕು, ತಲೆಯಲ್ಲಿ ಕವಲಿರಬೇಕು, ಎಲೆ ಹಸಿರಾಗಿರಬೇಕು. ಕಡಿದ ಗಳಿಗೆಯಿಂದ ನೆಡುವ ಗಳಿಗೆಯವರೆಗೆ ನೆಲಕ್ಕೆ ತಾಗಿಸಬಾರದು, ಕವಲು ಆಕಾಶ ನೋಡುತ್ತಲೇ ಬರಬೇಕು. ಊರಿನ ಉಳಿದ ಮನೆಗಳವರು ಈ ತಾಪತ್ರಯವನ್ನು ಎಂದೋ ಬಿಟ್ಟು, ಶಾಮಿಯಾನದವರ ಕಬ್ಬಿಣದ ಪೈಪಿಗೆ ಒಂದು ಟೊಂಗೆ ಕಟ್ಟಿ ಕೈಮುಗಿದು ಮುಗಿಸುತ್ತಿದ್ದರು. ಚೌಡಣ್ಣ ಮಾತ್ರ ಬಿಡಲಿಲ್ಲ. ಮಕ್ಕಳಿಲ್ಲದವನಿಗೆ ಜನ್ಮದಲ್ಲಿ ಹೊರಲು ಇದ್ದದ್ದು ಈ ಎರಡೇ ಕಂಬಗಳು, ಮೇಘಾಳದ್ದೊಂದು, ಭೂಮಿಕಾಳದ್ದೊಂದು. ಅದನ್ನು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಉಳಿದದ್ದನ್ನೆಲ್ಲ ಹೇಳುತ್ತಿದ್ದನಲ್ಲ, ಅದರಡಿಯಲ್ಲಿ ಇದು ಮುಚ್ಚಿಹೋಗಿತ್ತು.

ಮೇಘಾಳ ಮದುವೆ ಹೂವಿನಹಡಗಲಿಯ ಕಡೆಯ ಹುಡುಗನೊಂದಿಗೆ ಗೊತ್ತಾಯಿತು. ಕಂಬ ತರುವ ದಿನ ಚೌಡಣ್ಣ ಹೊಸ ಪಂಚೆ ಉಟ್ಟು, ಹೆಗಲಿಗೆ ಕಂಬಳಿ ಹಾಕಿ, ಹಲಗೆ ಬಾರಿಸುವವರನ್ನು ಹಿಂದಿಟ್ಟುಕೊಂಡು ಹಳ್ಳದ ಕಡೆ ಹೊರಟ. ಹಳ್ಳದಾಚೆ ಕುರುಚಲು ಕಾಡು, ಗುಡ್ಡ, ಕರಡಿ. ಈಚೆ ದಂಡೆಯ ಮೇಲೊಂದು ಅತ್ತಿಮರ. ಅದರ ಒಂದು ಕೊಂಬೆಯ ಕವಲು ಬರೆದಿಟ್ಟ ಹಾಗಿತ್ತು, ಕವಲಿನ ಸಂದಿಯಲ್ಲಿ ನಿಂಬೆಹಣ್ಣಿನ ಅರ್ಧ ಹೋಳಿನಷ್ಟು ಒಂದು ಗಂಟು. ಸಿಪ್ಪೆ ಅದೇ ಬೂದುಬಣ್ಣ, ಮೇಲೆ ಅದೇ ಪಾಚಿ. ಕವಲಿಗೆ ಗಂಟು ಬಿದ್ದಿದೆ ಎಂದರೆ ಎರಡು ಮನೆತನ ಬೆಸೆದ ಹಾಗೆ, ಇಂಥದ್ದು ಸಾವಿರ ಮರಕ್ಕೆ ಒಂದು ಎಂದು ಚೌಡಣ್ಣ ಸ್ಥಳದಲ್ಲೇ ವ್ಯಾಖ್ಯಾನ ಕೊಟ್ಟ. ಹಲಗೆಯವರು ತಲೆಯಾಡಿಸಿದರು. ಅವರಿಗೆ ಬಿಸಿಲಾಗುತ್ತಿತ್ತು.

ಕೊಂಬೆ ಕಡಿದು ಕೈಗೆ ಬಂದದ್ದೇ ತಡ, ಎಲ್ಲಿಂದಲೋ ಎರಡು ಪುಟ್ಟ ಹಕ್ಕಿಗಳು ಬಂದು ತಲೆಯ ಮೇಲೆ ಸುತ್ತತೊಡಗಿದವು. ಗುಬ್ಬಿಗಿಂತ ಸಣ್ಣವು, ಬಾಲ ಮಾತ್ರ ಉದ್ದ. ಒಂದರ ಎದೆ ಕೆಂಡದ ಬಣ್ಣ, ಇನ್ನೊಂದರದು ತೆಳು ಹಳದಿ. ಪುಸ್ತಕದವರು ಇವನ್ನು ಚಿತ್ರಪಕ್ಷಿ ಎನ್ನುತ್ತಾರೆ; ಊರಿನವರ ಬಳಿ ಹೆಸರೇ ಇರಲಿಲ್ಲ, ಏಕೆಂದರೆ ಇವು ಜೋಳ ತಿನ್ನುವುದಿಲ್ಲ, ಹೊಲ ಹಾಳುಮಾಡುವುದಿಲ್ಲ. ಎಲೆಯಿಂದ ಎಲೆಗೆ ಹಾರುತ್ತ ಹುಳ ಹೆಕ್ಕಿ ತಿಂದು ತಮ್ಮ ಪಾಡಿಗೆ ಇರುತ್ತವೆ. ನಷ್ಟ ಮಾಡದವರ ಹೆಸರು ನಾವು ನೆನಪಿಡುವುದುಂಟೆ? ಅವು ಕೀರಲು ದನಿಯಲ್ಲಿ ಕೂಗುತ್ತ, ಹಲಗೆಯ ಸದ್ದಿಗೂ ಬೆದರದೆ, ಮರದಿಂದ ಮರಕ್ಕೆ ಹಾರುತ್ತ ಮೆರವಣಿಗೆಯ ಜೊತೆಗೇ ಊರವರೆಗೆ ಬಂದವು.

ಊರ ಬಾಗಿಲಲ್ಲಿ ಆರತಿ ಹಿಡಿದು ನಿಂತ ಹೆಂಗಸರು ಇದನ್ನು ನೋಡಿದರು. ಒಬ್ಬಳು ಊರಮ್ಮನೇ ಹಕ್ಕಿಯ ರೂಪದಲ್ಲಿ ಬಂದಿದ್ದಾಳೆ ಎಂದಳು. ಇನ್ನೊಬ್ಬಳು, ಒಂದು ಗಂಡು ಒಂದು ಹೆಣ್ಣು, ಗಂಡ ಹೆಂಡಿರಾಗಿ ಬಂದು ಹರಸುತ್ತಿವೆ ಎಂದು ತಿದ್ದಿದಳು. ಮನೆ ಕಳಕೊಂಡವರ ಬಾಯಿಬಡಿತಕ್ಕೆ ನಮ್ಮಲ್ಲಿ ಹಾರೈಕೆ ಎಂದು ಹೆಸರು. ಚೌಡಣ್ಣ ಇದೆಲ್ಲ ತನಗೆ ಮೊದಲೇ ತಿಳಿದಿತ್ತು ಎನ್ನುವ ಮುಖ ಮಾಡಿಕೊಂಡು ನಡೆದ. ಅವನ ಎದೆ ಎಷ್ಟು ಉಬ್ಬಿತ್ತೆಂದರೆ ಕಂಬಳಿ ಜಾರುತ್ತಿತ್ತು. ಸುಂಕಮ್ಮನ ಅಂಗಳದಲ್ಲಿ ಗುಂಡಿ ತೋಡಿ, ಹಾಲು ಎರೆದು, ಅರಿಸಿನದ ಬೇರು ಕಟ್ಟಿ ಕಂಬ ನೆಟ್ಟರು. ಒಮ್ಮೆ ನೆಟ್ಟಮೇಲೆ ಮದುವೆ ಮುಗಿಯುವ ತನಕ ಅದನ್ನು ಕೀಳುವಂತಿಲ್ಲ. ಕಿತ್ತರೆ ಆ ಮನೆಯ ಹೆಣ್ಣಿಗೆ ಆಗಿಬರುವುದಿಲ್ಲ.

ಮರುದಿನ ಬೆಳಿಗ್ಗೆ ಚೌಡಣ್ಣ ತನ್ನ ಕಂಬವನ್ನು ತಾನೇ ನೋಡಿ ಸಂತೋಷಪಡಲು ಬಂದ. ಕೆಂಡದೆದೆಯ ಹಕ್ಕಿ ಬಾಯಲ್ಲಿ ಹಸಿರು ಹುಳ ಕಚ್ಚಿಕೊಂಡು ಕವಲಿನ ಮೇಲೆ ಇಳಿಯಿತು. ಗಂಟಿನತ್ತ ಬಾಗಿತು. ಆಗ ಗಂಟು ಬಾಯಿ ತೆರೆಯಿತು. ಒಂದಲ್ಲ, ಮೂರು ಬಾಯಿ.

ಚೌಡಣ್ಣ ಹಾಗೆಯೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಜೇಡರಬಲೆಯ ನೂಲಿನಿಂದ ಸಣ್ಣ ಕಡ್ಡಿಗಳನ್ನು ಹೆಣೆದು, ಮೇಲೆ ಅದೇ ಮರದ ಸಿಪ್ಪೆಯ ಚೂರು ಅಂಟಿಸಿ, ಹಾವು ಕಾಗೆಗಳ ಕಣ್ಣಿಗೆ ಗಂಟೆಂದೇ ಕಾಣುವಂತೆ ಆ ಎರಡು ಹಕ್ಕಿ ಗೂಡು ಕಟ್ಟಿದ್ದವು. ಹಾವು ಮೋಸಹೋಯಿತೋ ಇಲ್ಲವೋ, ಕಾಡನ್ನು ಅಂಗೈಯಲ್ಲಿ ಇಟ್ಟುಕೊಂಡವನು ಮೋಸಹೋದ. ಕೊಡಲಿ ಬಿದ್ದಾಗ ಮರಿಗಳು ಉಸಿರು ಬಿಗಿಹಿಡಿದು ಅಡಗಿದ್ದವು. ಕಂಬ ಅಡ್ಡ ಮಾಡಬಾರದು, ನೆಲಕ್ಕೆ ತಾಗಿಸಬಾರದು ಎಂಬ ಕಟ್ಟಳೆ ಇದ್ದದ್ದಕ್ಕೆ ಗೂಡು ಮಗುಚದೆ ಬಂದಿತ್ತು. ಗೂಡು ಕೆಡಿಸಿದ ಕೈ ಕೆಟ್ಟ ಕೈ ಎಂದು ಅವನ ತಾಯಿ ಹೇಳುತ್ತಿದ್ದದ್ದು ಅವನಿಗೆ ಆಗ ಸರಿಯಾಗಿ ನೆನಪಿಗೆ ಬಂತು. ನೆನಪುಗಳ ಸ್ವಭಾವವೇ ಹಾಗೆ, ಕೆಲಸ ಕೆಟ್ಟಮೇಲೆ ಸಾಲಾಗಿ ಬರುತ್ತವೆ.

ಕೀಳುವಂತಿಲ್ಲ. ಕಿತ್ತರೂ ಕೊಂಬೆಯನ್ನು ಮರಕ್ಕೆ ಹೊಲಿಯಲಾಗುವುದಿಲ್ಲ. ಹೇಳುವಂತಿಲ್ಲ. ಮನೆ ಮುರಿದು ತಂದ ಕಂಬದಡಿ ಮದುವೆ ಎಂದರೆ ಬೀಗರು ಅಂದೇ ಹಡಗಲಿಯ ಬಸ್ಸು ಹತ್ತಿಯಾರು. ಬಿಸಿತುಪ್ಪ ಬಾಯಿಗೆ ಬಿದ್ದವನ ಹಾಗೆ ಕುಳಿತಿದ್ದವನನ್ನು ಪಾಲಮ್ಮ ನೋಡಿದಳು, ಅವನು ನೋಡುತ್ತಿದ್ದುದನ್ನೂ ನೋಡಿದಳು. ಅವಳಿಗೆ ವಿವರಣೆ ಬೇಕಾಗಲಿಲ್ಲ.

"ಮಂದಿಗೆ ಏನೂ ಹೇಳಬ್ಯಾಡ," ಎಂದಳು. "ಕೊಟ್ಟೂರಿನವ್ರು ಹಂದರದ ಮ್ಯಾಲೆ ಬಟ್ಟಿ ಎಳಿಯಾಕ ಬರಾಕತ್ಯಾರ. ಮೊದಲು ಅದನ್ನ ನಿಂದರಿಸು. ಬಾಯಿ ಐತಲ್ಲ ನಿನಗ, ಇವತ್ತರ ಉಪಯೋಗಕ್ಕ ಬರಲಿ."

ಬಂತು. ಶಾಮಿಯಾನದವರು ಬಟ್ಟೆ ಬಿಚ್ಚುವಷ್ಟರಲ್ಲಿ ಚೌಡಣ್ಣ ಅಡ್ಡ ನಿಂತಿದ್ದ. ಹಾಲಗಂಬಕ್ಕೂ ಆಕಾಶಕ್ಕೂ ನಡುವೆ ಏನೂ ಬರಬಾರದು, ಅದು ಹಿರಿಯರು ಮಾಡಿಟ್ಟ ಶಾಸ್ತ್ರ, ಕಂಬದ ಮೇಲೆ ಬಟ್ಟೆಗೆ ಕಿಂಡಿ ಬಿಡಬೇಕು ಎಂದ. ಶಾಮಿಯಾನದ ಹುಡುಗರು ಗೊಣಗಿದರು. ಆದರೆ ಶಾಸ್ತ್ರ ಎಂಬ ಪದ ಕಿವಿಗೆ ಬಿದ್ದಮೇಲೆ ಎದುರಾಡುವ ಧೈರ್ಯ ನಮ್ಮ ಸೀಮೆಯಲ್ಲಿ ಯಾರಿಗಿದೆ? ಕಿಂಡಿ ಬಿಟ್ಟರು. ಆಮೇಲೆ ಅಡುಗೆಯವರು ಒಲೆ ಹೂಡಲು ಬಂದರು. ಹೊಗೆ ತಾಗಿದರೆ ಕಂಬದ ಹಾಲು ಒಡೆಯುತ್ತದೆ ಎಂದು ಒಲೆಯನ್ನು ಹಿತ್ತಲಿಗೆ ಓಡಿಸಿದ. ಬಣ್ಣದ ದೀಪದ ಸರ ಸುತ್ತಲು ಬಂದವರಿಗೆ ಕತ್ತಲಾದ ಮೇಲೆ ಕಂಬ ನಿದ್ದೆ ಮಾಡಬೇಕು ಎಂದ. ಡಿಜೆಯವರಿಗೆ ಹಾಲಗಂಬದ ಎದುರು ಗದ್ದಲ ಮಾಡಿದ ಮನೆಯಲ್ಲಿ ಅತ್ತೆ ಸೊಸೆ ಜಗಳ ನಿಲ್ಲುವುದಿಲ್ಲ ಎಂದ. ಇದು ಎಲ್ಲಕ್ಕಿಂತ ಚೆನ್ನಾಗಿ ನಾಟಿತು. ಸುಂಕಮ್ಮನೇ ಕೋಲು ಹಿಡಿದು ಪೆಟ್ಟಿಗೆಗಳನ್ನು ಊರಾಚೆಯ ಕಣಕ್ಕೆ ಅಟ್ಟಿ ಬಂದಳು.

ಸೋಜಿಗವೆಂದರೆ, ಚೌಡಣ್ಣ ಆ ಗಳಿಗೆಯಲ್ಲಿ ಹುಟ್ಟಿಸಿದ ಪ್ರತಿ ಶಾಸ್ತ್ರಕ್ಕೂ ಒಬ್ಬೊಬ್ಬ ಮುದುಕ ಸಾಕ್ಷಿ ಸಿಕ್ಕಿದ. ಬೀಗರ ಕಡೆಯ ಹಿರಿಯರೊಬ್ಬರಂತೂ ಕಿಂಡಿಯನ್ನು ನೋಡಿ ಕಣ್ಣು ತುಂಬಿಕೊಂಡು, ತಮ್ಮ ಅಜ್ಜನ ಕಾಲದಲ್ಲಿ ಹಡಗಲಿಯಲ್ಲೂ ಹೀಗೇ ಬಿಡುತ್ತಿದ್ದರು, ಈಗಿನವರು ಎಲ್ಲವನ್ನೂ ಮರೆತರು ಎಂದರು. ತಾಯಿಹಕ್ಕಿ ಗೂಡು ಚೊಕ್ಕ ಮಾಡಲು ಮರಿಗಳ ಹಿಕ್ಕೆಯನ್ನು ಕೊಕ್ಕಿನಲ್ಲಿ ಕಚ್ಚಿ ಒಯ್ಯುತ್ತಿತ್ತು. ಬೆಳ್ಳಗೆ ಅಕ್ಕಿಕಾಳಿನ ಹಾಗೆ ಕಾಣುವ ಚೀಲ. ಹೆಂಗಸರು ಹಕ್ಕಿ ಅಕ್ಷತೆ ಒಯ್ಯುತ್ತಿದೆ ಎಂದು ಕೈಮುಗಿದರು. ಅದರಲ್ಲೊಂದು ಜಾರಿ ಆ ಹಿರಿಯರ ರುಮಾಲಿನ ಮೇಲೆ ಬಿತ್ತು. ಅವರು ಅದನ್ನು ಒರೆಸಿಕೊಳ್ಳಲು ಒಪ್ಪಲಿಲ್ಲ. ಮದುವೆಯ ಫೋಟೋಗಳಲ್ಲಿ ಅದು ಈಗಲೂ ಇದೆ.

ಚೌಡಣ್ಣ ಕಂಬದ ಬುಡ ಬಿಡಲಿಲ್ಲ. ಕಾಗೆ ಬಂದರೆ ಕಲ್ಲೆಸೆಯುತ್ತಿದ್ದ, ಬೆಕ್ಕು ಬಂದರೆ ಕೋಲೆತ್ತುತ್ತಿದ್ದ. ಮೊದಮೊದಲು ಅದು ಮಾನದ ಚಿಂತೆ. ಆಮೇಲೆ ಅವನಿಗೇ ತಿಳಿಯದೆ ಬೇರೆಯಾಯಿತು. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಹುಳ ತರುತ್ತಿದ್ದವು. ಒಂದು ಬಂದ ಮೇಲೆಯೇ ಇನ್ನೊಂದು ಹೋಗುತ್ತಿತ್ತು. ಮಧ್ಯಾಹ್ನದ ಬಿಸಿಲು ಕಿಂಡಿಯಿಂದ ನೇರ ಇಳಿದಾಗ ಹೆಣ್ಣು ರೆಕ್ಕೆ ಅಗಲಿಸಿ ಮರಿಗಳ ಮೇಲೆ ನೆರಳು ಹಿಡಿದು, ಬಾಯಿ ತೆರೆದು ಏದುಸಿರು ಬಿಡುತ್ತ ನಿಲ್ಲುತ್ತಿತ್ತು. ಇಷ್ಟು ಎತ್ತರದಲ್ಲಿ ಇಷ್ಟೆಲ್ಲ ಸಂಸಾರ ನಡೆಯುತ್ತದೆ ಎಂದು ಚೌಡಣ್ಣನಿಗೆ ಯಾರೂ ಹೇಳಿರಲಿಲ್ಲ. ಹೇಳಲು ಅವನು ಯಾರಿಗಾದರೂ ಬಾಯಿ ಬಿಡಗೊಟ್ಟಿದ್ದರೆ ತಾನೆ?

ಮದುವೆಯ ಸಂಜೆ ಮದುಮಗನ ಗೆಳೆಯರು ಶಾಸ್ತ್ರಕ್ಕೆ ಸೊಪ್ಪು ಹಾಕದೆ ಪೆಟ್ಟಿಗೆಗಳನ್ನು ಮತ್ತೆ ಅಂಗಳಕ್ಕೇ ತಂದರು. ಮದುಮಗನ ಗೆಳೆಯರನ್ನು ತಡೆಯುವ ಶಾಸ್ತ್ರ ಇನ್ನೂ ಯಾರಿಗೂ ಹೊಳೆದಿಲ್ಲ. ಗೋಡೆ ನಡುಗುವ ಹಾಗೆ ಬಾರಿಸಿ ಕುಣಿದರು. ಹಕ್ಕಿಗಳೆರಡೂ ಎದುರಿನ ಬೇವಿನ ಮರಕ್ಕೆ ಹಾರಿದವು, ಕತ್ತಲಾಗುವವರೆಗೂ ಗೂಡಿಗೆ ಬರಲಾಗಲಿಲ್ಲ. ಮರುದಿನ ಬೆಳಿಗ್ಗೆ ಬಂದವು. ಎರಡು ಮರಿ ಕವಲಿನ ತುದಿಗೆ ಬಂದು ತೂರಾಡುತ್ತ ಕುಳಿತು, ಮೇಘಾಳನ್ನು ಗಂಡನ ಮನೆಗೆ ಕಳಿಸುವ ಗಡಿಬಿಡಿಯಲ್ಲಿ ಎಲ್ಲರೂ ಅಳುತ್ತಿದ್ದಾಗ ಬೇವಿನ ಮರಕ್ಕೆ ಹಾರಿಹೋದವು. ಮೂರನೆಯದು ಗೂಡಿನಲ್ಲೇ ಇತ್ತು. ಹಂದರ ಬಿಚ್ಚಿದ ಮೇಲೆ ಚೌಡಣ್ಣ ಅದನ್ನು ಹೊರತೆಗೆದ. ಅಂಗೈಯಲ್ಲಿ ತೂಕವೇ ಇರಲಿಲ್ಲ. ಪಂಚೆಯ ಸೆರಗಿನಲ್ಲಿ ಸುತ್ತಿ ಒಯ್ದು ಅತ್ತಿಮರದ ಬುಡದಲ್ಲಿ ಮಣ್ಣು ಮಾಡಿದ. ಆ ದಿನ ಅವನು ಅತ್ತದ್ದನ್ನು ನೋಡಿದವರು, ಸೊಸೆ ಗಂಡನೂರಿಗೆ ಹೋದಳೆಂದು ಸೋದರಮಾವ ಅಳುತ್ತಿದ್ದಾನೆ ಎಂದುಕೊಂಡರು.

ಅಲ್ಲಿಗೆ ಮುಗಿಯಬೇಕಿತ್ತು. ಮೇಘಾ ಹಡಗಲಿಯಲ್ಲಿ ಸುಖವಾಗಿದ್ದಳು, ಅತ್ತೆಯ ಜೊತೆ ಕೂತು ಮಲ್ಲಿಗೆ ಕಟ್ಟುತ್ತಿದ್ದಳು, ವರ್ಷ ತಿರುಗುವಷ್ಟರಲ್ಲಿ ಬಸುರಿಯಾದಳು. ಅತ್ತೆ ಸೊಸೆ ಜಗಳವಿಲ್ಲದ ಮನೆ ಎಂದರೆ ಊರಿಗೇ ಬೆರಗು. ಕಾರಣ ಹುಡುಕಿದರು, ಸಿಕ್ಕಿತು. ಗಂಟಿನ ಕಂಬ! ಮರುವರ್ಷ ಮದುವೆಯ ತಿಂಗಳುಗಳು ಬಂದಾಗ ಪೈಪಿನವರೆಲ್ಲ ಪೈಪು ಬಿಟ್ಟರು. ಸೋದರಮಾವಂದಿರು ಕೊಡಲಿ ಹಿಡಿದು, ಕತ್ತು ಮೇಲೆತ್ತಿ ಹಳ್ಳದ ದಂಡೆಯಲ್ಲಿ ಅಲೆಯತೊಡಗಿದರು. ತನ್ನ ಮಾತಿಗೆ ಊರು ಕಿವಿಗೊಡಲಿ ಎಂದು ಜೀವನವಿಡೀ ಹಂಬಲಿಸಿದವನು, ಕಿವಿಗೊಟ್ಟ ಊರನ್ನು ನೋಡಿ ಬೆವರಿದ.

ಮೊದಲು ಗಂಟು ಸಿಕ್ಕಿದ್ದು ರಾಮಾಂಜನೇಯನಿಗೆ. ಚೌಡಣ್ಣನ ಓರಗೆಯವನು, ಅಕ್ಕನ ಮಗಳನ್ನು ಉಚ್ಚಂಗಿದುರ್ಗಕ್ಕೆ ಕೊಡುವವನಿದ್ದ. ಗಂಟು ನಿಜವೋ ಸುಳ್ಳೋ ಪರೀಕ್ಷಿಸಲು ತಜ್ಞರು ಬೇಕಲ್ಲ, ಚೌಡಣ್ಣನನ್ನೇ ಕರೆದೊಯ್ದ. ಅದೇ ಅತ್ತಿಮರ, ಇನ್ನೊಂದು ಕೊಂಬೆ. ಕವಲಿನಲ್ಲಿ ಅದೇ ಬೂದು ಗಂಟು. ಗಂಟಿನ ಆಚೆಗೆ ಒಂದು ಉದ್ದ ಬಾಲ, ಈಚೆಗೆ ಒಂದು ಕೊಕ್ಕು. ಹೆಣ್ಣು ಮೊಟ್ಟೆಗೆ ಕೂತಿತ್ತು, ಕದಲದೆ. ಕುರಿಯ ಬಾಯಿಂದ ಮೇಲೆ ನೋಡಲು ಕಲಿತವನಿಗೆ ಅದು ಹಗಲಿನಷ್ಟು ಸ್ಪಷ್ಟ. ರಾಮಾಂಜನೇಯನಿಗೆ ಕಂಡದ್ದು ಕಂಬ.

ಚೌಡಣ್ಣ ತನಗೆ ಬರುವ ವಿದ್ಯೆಯನ್ನೆಲ್ಲ ಬಳಸಿದ. ಈ ಕವಲು ದಕ್ಷಿಣಕ್ಕೆ ತಿರುಗಿದೆ ಎಂದ. ನೆಡುವಾಗ ಉತ್ತರಕ್ಕೆ ತಿರುಗಿಸಿದರಾಯಿತು ಎಂದ ರಾಮಾಂಜನೇಯ. ಒಂದೇ ಮರದಿಂದ ಎರಡು ಕಂಬ ಕಡಿಯಬಾರದು ಎಂದ. ವರ್ಷ ದಾಟಿದರೆ ದೋಷವಿಲ್ಲವೆಂದು ಹಡಗಲಿಯ ಹಿರಿಯರು ಫೋನಿನಲ್ಲಿ ಹೇಳಿದ್ದಾರೆ ಎಂದ ರಾಮಾಂಜನೇಯ. ಚೌಡಣ್ಣ ಬಿತ್ತಿದ ಬೀಜ ಹಡಗಲಿಯವರೆಗೂ ಹಬ್ಬಿ, ಮರವಾಗಿ, ಈಗ ಅವನ ತಲೆಯ ಮೇಲೆಯೇ ಬೀಳುತ್ತಿತ್ತು. ರಾಮಾಂಜನೇಯ ಕೊಡಲಿ ಎತ್ತಿದ. ಹೆಣ್ಣುಹಕ್ಕಿ ಆಗಲೂ ಹಾರಲಿಲ್ಲ, ಗೂಡಿನಲ್ಲಿ ಇನ್ನಷ್ಟು ಕುಗ್ಗಿ ಕೂತಿತು.

"ಅದು ಗಂಟಲ್ಲ," ಎಂದ ಚೌಡಣ್ಣ. "ಗೂಡು. ಮೇಘಾನ ಮದಿವಿಗೆ ನಾ ಕಡದು ತಂದಿದ್ದೂ ಗೂಡ. ಮೂರು ಮರಿ ಇದ್ವು ಅದರಾಗ. ಒಂದು ಸತ್ತೈತಿ, ಇಲ್ಲೇ ಹುಗದೀನಿ, ನೀ ನಿಂತಿ ನೋಡು, ಅಲ್ಲೆ. ಶಾಸ್ತ್ರ ಅಂದಿದ್ದೆಲ್ಲ ನನ್ನ ಬಾಯಾಗ ಹುಟ್ಟಿದ್ದು."

ರಾಮಾಂಜನೇಯ ತಾನು ನಿಂತ ಜಾಗದಿಂದ ಎರಡು ಹೆಜ್ಜೆ ಸರಿದ. ಕಣ್ಣು ಕಿರಿದು ಮಾಡಿ ಕೊಂಬೆಯನ್ನು ನೋಡಿದ. ಈಗ ಅವನಿಗೂ ಬಾಲ ಕಂಡಿತು.

"ಭೂಮಿಕಾನ ಮದಿವಿ ಬರೂ ತಿಂಗಳಾಗ ಐತಿ," ಎಂದ. "ಈ ಮಾತು ಊರಾಗ ಬಿದ್ರ ನಿನ್ನ ಕೈಲೆ ಕಂಬ ತರಸ್ತಾರೇನು?"

"ತರಸಂಗಿಲ್ಲ. ಕೊಡ್ಲಿ ಕೆಳಗಿಡು."

ರಾಮಾಂಜನೇಯ ಕೊಡಲಿ ಇಳಿಸಿದ. ಬಾಯಿಯನ್ನು ಮಾತ್ರ ಇಳಿಸಲಿಲ್ಲ. ಅದನ್ನು ನಿರೀಕ್ಷಿಸುವುದೂ ತಪ್ಪು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಗೂಡು ಕೆಡಿಸಿದ ಕಂಬದಡಿ ಮದುವೆಯಾದ ಹುಡುಗಿ ಕಷ್ಟದಲ್ಲಿದ್ದಿದ್ದರೆ ಊರಿಗೆ ಸುಲಭವಾಗುತ್ತಿತ್ತು. ಅವಳು ಸುಖವಾಗಿದ್ದದ್ದೇ ತೊಡಕು. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಯೋಚಿಸಿ, ಪಾಪ ಚೌಡಣ್ಣನದು, ಪುಣ್ಯ ಮದುಮಕ್ಕಳದು ಎಂದು ಪಾಲು ಮಾಡಿದರು. ಗಂಟಿನ ಕಂಬ ತರುವುದು ನಿಂತಿತು. ಪೈಪು ಮರಳಿ ಬಂತು.

ಸುಂಕಮ್ಮ ಅಣ್ಣನ ಮನೆಗೆ ಬಂದಳು. ಅವಳು ಜಗಳವಾಡಿದ್ದರೆ ಚೌಡಣ್ಣ ಬದುಕಿಕೊಳ್ಳುತ್ತಿದ್ದ. ಅವಳು ಹೊಸ್ತಿಲು ಕೂಡ ದಾಟಲಿಲ್ಲ.

"ಭೂಮಿಕಾನ ಹಂದರಕ್ಕ ನೀ ಕೈ ಹಚ್ಚಬ್ಯಾಡಣ್ಣ," ಎಂದಳು. "ಊಟಕ್ಕ ಬಾ."

ಅಣ್ಣನಿಗೆ ಊಟಕ್ಕೆ ಕರೆ ಬಂತು, ನೆಂಟರಿಗೆ ಬರುವ ಹಾಗೆ. ಪಾಲಮ್ಮ ಆ ದಿನ ಗಂಡನ ಮುದ್ದೆಯ ಮೇಲೆ ತುಪ್ಪ ಸ್ವಲ್ಪ ಹೆಚ್ಚೇ ಹಾಕಿದಳು. ಅವಳು ಅಷ್ಟು ಮರುಕ ತೋರಿಸಿದ್ದು ನೋಡಿ, ತನ್ನ ಮಾನ ನಿಜಕ್ಕೂ ಹೋಗಿದೆ ಎಂದು ಚೌಡಣ್ಣನಿಗೆ ಖಾತರಿಯಾಯಿತು. ಮದುವೆಯ ದಿನದವರೆಗೆ ಅವನು ಕುರಿಗಳನ್ನು ಅತ್ತಿಮರದ ಸುತ್ತಲೇ ಮೇಯಿಸಿದ. ಅಲ್ಲಿ ಮೇವಿರಲಿಲ್ಲ, ಕುರಿಗಳು ಅವನನ್ನು ಬೈದುಕೊಂಡವು.

ಭೂಮಿಕಾಳ ಮದುವೆಗೆ ಚೌಡಣ್ಣ ಹಳೆಯ ಪಂಚೆಯಲ್ಲೇ ಹೋದ. ಅಂಗಳದ ನಡುವೆ ಬೆಳ್ಳಿಬಣ್ಣ ಬಳಿದ ಕಬ್ಬಿಣದ ಪೈಪು, ಅದರ ತಲೆಗೊಂದು ಮಾವಿನ ಟೊಂಗೆ, ಬುಡಕ್ಕೆ ಹಾಲು. ಮಾವಿನ ಎಲೆ ಆಗಲೇ ಬಾಡಿತ್ತು. ಅಕ್ಕಿಕಾಳು ಬಿದ್ದು, ಹಿರಿಯರೆಲ್ಲ ಹರಸಿ ಆದಮೇಲೆ ಅವನ ಸರದಿ ಬಂತು. ಭೂಮಿಕಾ ಹಸೆಯ ಮೇಲೆ ಕೂತೇ ಅವನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ಮಾವ, ಈ ಸಲ ಆ ಗಿಡದಾಗಿನ ಮರಿ ಏನಾದ್ವು?"

"ಹಾರಿದ್ವು."

"ಎಷ್ಟು?"

"ಮೂರೂ."

ಅವಳು ಕೈಯನ್ನು ತಟ್ಟನೆ ಬಿಡಲಿಲ್ಲ. ಮದುಮಗ ಪಿಳಿಪಿಳಿ ನೋಡಿದ, ಮಾವನ ಮಕ್ಕಳ ವಿಚಾರ ಇರಬೇಕು ಎಂದುಕೊಂಡ. ಚೌಡಣ್ಣ ಅಕ್ಷತೆ ಹಾಕಬೇಕಾದ ಕೈಯಿಂದ ಕಣ್ಣೊರೆಸಿಕೊಂಡ, ಅಕ್ಕಿಯೆಲ್ಲ ಅವನ ಮೀಸೆಗೆ ಅಂಟಿತು.

ಹಸೆಯಿಂದ ಇಳಿದು ಬಂದವನು ಆ ಪೈಪನ್ನು ಹತ್ತಿರದಿಂದ ನೋಡೋಣ ಎಂದು ಹೋದ. ಮೇಲೆ ನೋಡಿದರೆ, ಪೈಪಿನ ನೇರಕ್ಕೆ ಹಂದರದ ಬಟ್ಟೆಯಲ್ಲಿ ದುಂಡನೆಯ ಕಿಂಡಿ, ಅಂಚಿಗೆ ಜರಿ ಹೊಲಿದದ್ದು. ಕೊಟ್ಟೂರಿನ ಶಾಮಿಯಾನದವರು ಈಗ ಕಿಂಡಿಯಿರುವ ಬಟ್ಟೆಯನ್ನೇ ಹೊಲಿಸಿಟ್ಟಿದ್ದರಂತೆ, ಎಲ್ಲರೂ ಅದನ್ನೇ ಕೇಳುತ್ತಾರಂತೆ. ಒಲೆ ಹಿತ್ತಲಲ್ಲಿತ್ತು. ಕಂಬಕ್ಕೆ ದೀಪದ ಸರವಿರಲಿಲ್ಲ. ಡಿಜೆಯ ಪೆಟ್ಟಿಗೆಗಳು ಊರಾಚೆಯ ಕಣದಲ್ಲಿದ್ದವು. ಗಂಡಿನ ಗೆಳೆಯರು ಅಲ್ಲಿಗೇ ಹೋಗಿ, ಧೂಳಿನಲ್ಲಿ, ಯಾರಿಗೂ ಕಾಣದಂತೆ ಕುಣಿದು ಬರುತ್ತಿದ್ದರು. ಕಬ್ಬಿಣ ತಣ್ಣಗೆ ನಿದ್ದೆ ಮಾಡಲಿ ಎಂದು ಇಡೀ ಊರು ಪಿಸುಮಾತಿನಲ್ಲಿ ಮದುವೆ ಮಾಡುತ್ತಿತ್ತು.

ಚೌಡಣ್ಣ ಕಿಂಡಿಯ ಕೆಳಗೆ ಕತ್ತೆತ್ತಿ ನಿಂತೇ ಇದ್ದ. ಯಾರೋ ಅವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು. ರಾಮಾಂಜನೇಯ. ಈಚೆಗೆ ಊರಿನ ಮದುವೆಗಳಲ್ಲಿ ಶಾಸ್ತ್ರ ಹೇಳುವ ಕೆಲಸ ಅವನಿಗೆ ಬಂದಿತ್ತು, ಹೆಗಲಿಗೆ ಕಂಬಳಿಯೂ ಬಂದಿತ್ತು.

"ಅಲ್ಲಿ ನಿಂದ್ರಬ್ಯಾಡ ಚೌಡಣ್ಣ. ಕಂಬಕ್ಕೂ ಆಕಾಶಕ್ಕೂ ನಡುವ ಯಾರೂ ಅಡ್ಡ ಬರಬಾರದು. ಹಿರೇರ ಕಾಲದ ಶಾಸ್ತ್ರ. ನಿನಗ ಇದೆಲ್ಲ ಗೊತ್ತಾಗಂಗಿಲ್ಲ ಬಿಡು."

ಚೌಡಣ್ಣ ಅವನ ಮುಖ ನೋಡಿದ. ರಾಮಾಂಜನೇಯನ ಮುಖದಲ್ಲಿ ತಮಾಷೆಯ ಗುರುತೇ ಇರಲಿಲ್ಲ, ಅವನು ಅದನ್ನು ಮನಸಾರೆ ನಂಬಿದ್ದ. ಚೌಡಣ್ಣನ ಬಾಯಿಗೆ ನಾಲ್ಕು ಮಾತು ಬಂದವು. ಅವನ್ನು ನುಂಗಿ, ಸರಿದು, ಊಟದ ಪಂಕ್ತಿಯ ಕಡೆ ನಡೆದ.